ಕರ್ಣ ಅಳೆಯದೆ ಸೈಟು ಕೊಳ್ಳಬೇಡಿ

‘ಥರ್ಟಿ ಫಾರ್ಟಿ’ ಸೈಟು ಎಂದರೆ 1,200 ಚದರಡಿ. ನಮ್ಮ ಊರುಗಳಲ್ಲಿ ಸ್ವಂತ ಮನೆಯ ಕನಸು ಎಷ್ಟೋ ಸಲ ಶುರುವಾಗುವುದೇ ಈ ಲೆಕ್ಕದಿಂದ. ಟೇಪು ಎಳೆದು ನೋಡಿದಾಗ 30, 40, 30, 40 ಅಡಿ ಬಂತೆಂದರೆ ಕೊಳ್ಳುವವರಿಗೆ ನಿರಾಳ. ಆದರೆ ಈ ನಾಲ್ಕು ಅಳತೆಗಳಿಂದ ವಿಸ್ತೀರ್ಣ ತಿಳಿಯುವುದಿಲ್ಲ. ಸೈಟು ಓರೆಯಾಗಿ ಒಂದು ಮೂಲೆ 60 ಡಿಗ್ರಿಯಾಗಿದ್ದರೂ ಬದಿಗಳು ಅಷ್ಟೇ ಇರಬಲ್ಲವು. ಆಗ ಸಿಗುವ ಜಾಗ ಸುಮಾರು 1,039 ಚದರಡಿ. ಕೊಟ್ಟ ದುಡ್ಡಿನಲ್ಲಿ ಒಂದು ಕೋಣೆಯೇ ಮಾಯ!

ತ್ರಿಭುಜದ ಮೂರು ಬದಿ ಗೊತ್ತಾದರೆ ಆಕಾರ ನಿಂತಂತೆಯೇ. ಚತುರ್ಭುಜ ಹಾಗಲ್ಲ, ಅದು ವಾಲುತ್ತದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ನಾಲ್ಕು ಬದಿಗಳಿಂದಲೇ ವಿಸ್ತೀರ್ಣ ಪಡೆಯುವ ಸೊಗಸಾದ ಸೂತ್ರ ಕೊಟ್ಟ. ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲಿದ್ದರೆ ಮಾತ್ರ ಅದು ಸರಿಹೋಗುತ್ತದೆ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ಇಲ್ಲಿಯೇ ತಕರಾರು ತೆಗೆದ. ಲಂಬವನ್ನೋ ಕರ್ಣವನ್ನೋ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನನ್ನು ಅವನು ಪಿಶಾಚಿ ಎಂದೇ ಕರೆದ. ಅವನ ಉದಾಹರಣೆಯಲ್ಲಿ ನಾಲ್ಕೂ ಬದಿ 25. ಕರ್ಣಗಳು 30 ಮತ್ತು 40 ಆದರೆ ವಿಸ್ತೀರ್ಣ 600, 14 ಮತ್ತು 48 ಆದರೆ 336, ಚೌಕವಾದರೆ 625.

ಹತ್ತನೇ ತರಗತಿಯ ಸಮರೂಪತೆಯ ಪಾಠದಲ್ಲೂ ಇದೇ ವಿಷಯ ಬೇರೆ ರೂಪದಲ್ಲಿ ಎದುರಾಗುತ್ತದೆ. ತ್ರಿಭುಜಗಳಲ್ಲಿ ಕೋನಗಳು ಸಮವಾದರೆ ಸಾಕು, ಅವು ಸಮರೂಪ. ಚೌಕಕ್ಕೂ ಉದ್ದನೆಯ ಆಯತಕ್ಕೂ ಕೋನಗಳೆಲ್ಲ ಒಂದೇ, ಆಕಾರ ಬೇರೆ. ಚೌಕಕ್ಕೂ ವಜ್ರಾಕೃತಿಗೂ ಬದಿಗಳ ಅನುಪಾತ ಒಂದೇ, ಆಗಲೂ ಆಕಾರ ಬೇರೆ. ಚತುರ್ಭುಜಗಳು ಸಮರೂಪವಾಗಲು ಕೋನವೂ ಹೊಂದಬೇಕು, ಅನುಪಾತವೂ ಹೊಂದಬೇಕು. ಹಾಗಾಗಿ ಓರೆಯಾದ ಸೈಟಿನ ನಕ್ಷೆಯನ್ನು ನೂರನೇ ಒಂದರಷ್ಟು ಕಿರಿದಾಗಿ ಬರೆಯುವಾಗ ಬದಿಗಳ ಜೊತೆಗೆ ಒಂದು ಕರ್ಣವನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು. ಕರ್ಣ ಬಿದ್ದೊಡನೆ ಚತುರ್ಭುಜ ಎರಡು ತ್ರಿಭುಜಗಳಾಗಿ ಸೀಳುತ್ತದೆ. ಮತ್ತೆ ಅಲುಗುವ ಮಾತಿಲ್ಲ.

ಆದ್ದರಿಂದ ಸೈಟು ನೋಡಲು ಹೋದಾಗ ಮೂಲೆಯಿಂದ ಮೂಲೆಗೂ ಟೇಪು ಎಳೆಯಿರಿ. ಬದಿಗಳು 30–40 ಆಗಿದ್ದು ಕರ್ಣ ಸರಿಯಾಗಿ 50 ಅಡಿ ಬಂದರೆ ಅದು ಆಯತ, ಜಾಗ ಪೂರ್ತಿ 1,200. ಬೇರೆ ಏನೇ ಬಂದರೂ ಎರಡು ತ್ರಿಭುಜಗಳ ವಿಸ್ತೀರ್ಣ ಕಂಡುಹಿಡಿದು ಕೂಡಿ, ಆಮೇಲೆ ಬೆಲೆಯ ಮಾತಾಡಿ.