ಬಾಕಿ ಉಳಿಯೋ ಕ್ಷಮೆ

ರಂಜಾನ್ ತಿಂಗಳ ಸಂಜೆ ಬಿ.ಸಿ. ರೋಡಿನಿಂದ ಬೆಳ್ತಂಗಡಿ ಕಡೆಗೆ ಒಮ್ಮೆ ಹೊರಟು ನೋಡಿ. ಮಗ್ರಿಬ್ ಬಾಂಗ್ ಕೇಳಿದ್ದೇ ತಡ, ರಸ್ತೆ ಬದಿಯ ಅಂಗಡಿಗಳಲ್ಲಿ ಖರ್ಜೂರ, ನೀರು ಕೈಗೆ ಬರುತ್ತೆ. ನಮ್ಮ ಕ್ಯಾಮೆರಾಗಳಿಗೆ ಕಾಣೋದು ಇಷ್ಟೇ. ಖರ್ಜೂರ, ಸಮೋಸ, ಬಿಳಿ ಟೋಪಿ. ಆದರೆ ಈ ತಿಂಗಳ ತಿರುಳು ಇರೋದು ತಟ್ಟೆಯಲ್ಲಲ್ಲ, ಕ್ಷಮೆಯಲ್ಲಿ. ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಕರಾವಳಿಯ ಬ್ಯಾರಿಗಳು ಉಪವಾಸಕ್ಕೆ ನೋಂಬು ಅಂತಾರೆ. ನೋಂಬಿನ ತಿಂಗಳನ್ನು ಸಂಪ್ರದಾಯದಲ್ಲಿ ಮೂರು ಪಾಲು ಮಾಡ್ತಾರೆ. ಮೊದಲ 10 ದಿನ ಕರುಣೆಗೆ, ನಡುವಿನ 10 ಕ್ಷಮೆಗೆ, ಕೊನೆಯ 10 ನರಕದಿಂದ ಬಿಡುಗಡೆಗೆ. ಕ್ಷಮೆಗೆ ಅರಬ್ಬಿಯಲ್ಲಿ ‘ಮಗ್ಫಿರತ್’ ಅನ್ನೋ ಪದ ಇದೆ. ಅದರ ಮೂಲದಲ್ಲಿ ಮುಚ್ಚು, ಹೊದಿಸು ಎಂಬ ಅರ್ಥವಿದೆ. ಯೋಧನ ತಲೆಗವಚದ ಹೆಸರೂ ಅದೇ ಧಾತುವಿನದ್ದು. ಅಂದ್ರೆ ದೇವರು ತಪ್ಪನ್ನು ಮನ್ನಿಸೋದಷ್ಟೇ ಅಲ್ಲ, ನಾಲ್ಕು ಜನರ ಮುಂದೆ ಮಾನ ಹೋಗದ ಹಾಗೆ ಕಾಯ್ತಾನೆ ಎಂಬ ಭಾವ.

ಕೊನೆಯ ಹತ್ತರಲ್ಲಿ ಬರುವ ಲೈಲತುಲ್ ಕದ್ರ್ ಎಂಬ ರಾತ್ರಿ ಸಾವಿರ ತಿಂಗಳಿಗಿಂತ ಮೇಲು ಎನ್ನುತ್ತೆ ಕುರ್‌ಆನ್. ಲೆಕ್ಕ ಹಾಕಿ, 83 ವರ್ಷ 4 ತಿಂಗಳು. ಒಂದು ಪೂರ್ತಿ ಆಯುಷ್ಯ! ಆ ರಾತ್ರಿ ಸಿಕ್ಕರೆ ಏನು ಬೇಡಲಿ ಅಂತ ಪ್ರವಾದಿಯವರನ್ನು ಪತ್ನಿ ಆಯಿಷಾ ಕೇಳಿದ್ರಂತೆ. ಅವರು ಕಲಿಸಿದ ಪ್ರಾರ್ಥನೆಯಲ್ಲಿ ಸಂಪತ್ತಿಲ್ಲ, ಅಧಿಕಾರವಿಲ್ಲ. ಇರೋದು ಕ್ಷಮೆ ಒಂದೇ.

ಹಾಗಾದ್ರೆ ಕೇಳಿದರೆ ಸಾಕಾ? ಸಾಲದು. ಪಶ್ಚಾತ್ತಾಪಕ್ಕೆ, ಅಂದ್ರೆ ತೌಬಾಕ್ಕೆ, ವಿದ್ವಾಂಸರು ಷರತ್ತು ಹೇಳ್ತಾರೆ. ತಪ್ಪನ್ನು ನಿಲ್ಲಿಸಬೇಕು, ಮನಸ್ಸು ನೋಯಬೇಕು, ಮತ್ತೆ ಮಾಡಲ್ಲ ಎಂಬ ನಿರ್ಧಾರ ಬೇಕು. ನಡುವೆ ಪುರೋಹಿತರಿಲ್ಲ, ಶಿಫಾರಸು ಪತ್ರವಿಲ್ಲ. ಆದರೆ ತಪ್ಪು ಇನ್ನೊಬ್ಬ ಮನುಷ್ಯನಿಗೆ ಮಾಡಿದ್ದಾದರೆ ನಾಲ್ಕನೆಯದೊಂದು ಷರತ್ತಿದೆ. ಕಿತ್ತುಕೊಂಡದ್ದನ್ನು ವಾಪಸ್ ಕೊಡಬೇಕು ಅಥವಾ ಅವನ ಕ್ಷಮೆ ಪಡೆಯಬೇಕು.

ನಿಜವಾದ ದಿವಾಳಿ ಯಾರು ಅನ್ನೋದಕ್ಕೆ ಪ್ರವಾದಿ ಕೊಟ್ಟ ಉತ್ತರವೂ ಇದೇ. ನಮಾಜು, ಉಪವಾಸ, ಝಕಾತ್ ಎಲ್ಲ ಹೊತ್ತುಕೊಂಡು ಬಂದವನು, ಆದರೆ ಒಬ್ಬನನ್ನು ಬೈದಿದ್ದಾನೆ, ಇನ್ನೊಬ್ಬನ ಮೇಲೆ ಸುಳ್ಳು ಆರೋಪ ಹೊರಿಸಿದ್ದಾನೆ. ಅವನ ಪುಣ್ಯವೆಲ್ಲ ನೊಂದವರಿಗೆ ಹಂಚಿಹೋಗುತ್ತೆ.

ಇದನ್ನು ಓದಿದಾಗ ನನಗೆ ಚುಚ್ಚಿದ್ದು ನನ್ನದೇ ಕೆಲಸ. 2017ರ ಜೂನ್, ಅದೂ ರಂಜಾನ್ ತಿಂಗಳು, ಬಂಟ್ವಾಳ ತಾಲೂಕಿನಲ್ಲಿ ನಿಷೇಧಾಜ್ಞೆ ಇತ್ತು. ಅಂಥ ಬಿಗುವಿನ ದಿನಗಳಲ್ಲಿ ಒಂದು ಸುದ್ದಿಯ ಬೆಲೆ ಏನು ಅಂತ ನಮಗೆ ಗೊತ್ತಿರಬೇಕು. ಆದ್ರೂ ಒಮ್ಮೆ, ಖಚಿತಪಡಿಸಿಕೊಳ್ಳದ ಸುದ್ದಿಯೊಂದನ್ನು ನಾನು ಏರುದನಿಯಲ್ಲಿ ಓದಿದ್ದೇನೆ. ಅರ್ಧ ಗಂಟೆ ಬಾಯಿತುಂಬ ಹೇಳಿದ್ದು ಸುಳ್ಳು ಅಂತ ಗೊತ್ತಾದ ಮೇಲೆ, ತಿದ್ದುಪಡಿ ಪರದೆಯ ಕೆಳಗೆ ಸಣ್ಣಕ್ಷರದಲ್ಲಿ ಓಡಿಹೋಯ್ತು. ಯಾರ ಬಗ್ಗೆ ಹೇಳಿದ್ದೆನೋ ಅವರನ್ನು ನಾನು ಕ್ಷಮೆ ಕೇಳಲಿಲ್ಲ. ಎಲ್ಲರನ್ನೂ ಪ್ರಶ್ನೆ ಮಾಡೋ ಕುರ್ಚಿ ನೋಡಿ, ಅದರಿಂದ ಇಳಿಯೋದು ಕಷ್ಟ.

ಇದು ಒಂದೇ ಧರ್ಮದ ಮಾತೂ ಅಲ್ಲ. ಅತ್ತ ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯಿದೆ, ಬೆಳ್ತಂಗಡಿ ತಾಲೂಕಿನ ವೇಣೂರಲ್ಲಿ 1604ರ ಬಾಹುಬಲಿ ನಿಂತಿದ್ದಾನೆ. ಜೈನರು ದಶಲಕ್ಷಣ ಪರ್ವ ಮುಗಿಸಿ ಕ್ಷಮಾವಣಿಯ ದಿನ ಒಬ್ಬರನ್ನೊಬ್ಬರು ಕ್ಷಮೆ ಕೇಳ್ತಾರೆ. ಒಂದೇ ಬಸ್ಸಿನಲ್ಲಿ ಓಡಾಡೋ ಜನರ ಎರಡು ಧರ್ಮಗಳು ಒಂದೇ ಮಾತು ಹೇಳ್ತಿವೆ: ನೊಂದವನ ಮನೆ ಬಾಗಿಲು ತಟ್ಟು.

ದೇವರ ಹತ್ತಿರ ಕೇಳೋದು ಸುಲಭ, ಅವನು ಎದುರು ಮಾತಾಡಲ್ಲ. ಮನುಷ್ಯ ಮಾತಾಡ್ತಾನೆ, ಬೈಯಬಹುದು, ಬಾಗಿಲು ತೆಗೆಯದೆಯೂ ಇರಬಹುದು. ನಾನು ತಟ್ಟಬೇಕಾದ ಬಾಗಿಲು ಯಾವುದು ಅಂತ ನನಗೆ ಗೊತ್ತು. ಈ ಹಬ್ಬಕ್ಕೆ ಮೊದಲು ಹೋಗ್ತೀನಿ, ಕ್ಯಾಮೆರಾ ಇಲ್ಲದೆ.