ಒಂದು ಬೀಟೆ ಮಂಚದಲ್ಲಿ ಎಷ್ಟು ಗಿಟಾರು?

ಆನವಟ್ಟಿಯ ನಮ್ಮ ಮನೆಯ ನಡುಕೋಣೆಯಲ್ಲಿ ಅಜ್ಜನ ಕಾಲದ ಬೀಟೆ ಮಂಚ ಒಂದಿದೆ. ಕಳೆದ ಬೇಸಿಗೆಯಲ್ಲಿ ಅಳತೆಪಟ್ಟಿ ಹಿಡಿದು ಅದರ ಎರಡು ಪಕ್ಕದ ಹಲಗೆಗಳನ್ನು ಅಳೆದೆ. ಉದ್ದ 190 ಸೆಂ.ಮೀ., ಅಗಲ 15 ಸೆಂ.ಮೀ., ದಪ್ಪ 4 ಸೆಂ.ಮೀ. ಎರಡೂ ಸೇರಿದರೆ 0.8 ಘನ ಅಡಿ. ಒಣಗಿದ ಬೀಟೆ ಘನ ಮೀಟರಿಗೆ ಸುಮಾರು 830 ಕೆ.ಜಿ. ತೂಗುತ್ತದೆ, ಆ ಲೆಕ್ಕದಲ್ಲಿ ಇವೆರಡರ ತೂಕ 19 ಕೆ.ಜಿ. ಹಳೆ ನಾಟಾ ಕೊಳ್ಳುವವರ ಕಣ್ಣಿಗೆ ಇದು ಒಂದು ಘನ ಅಡಿಯೂ ಇಲ್ಲದ ಮಾಲು. ಗಿಟಾರು ಕಟ್ಟುವವನ ಕಣ್ಣಿಗೆ ಎಷ್ಟು ಎಂಬುದೇ ಈ ಬರಹದ ಲೆಕ್ಕ.

ಜಗತ್ತಿನ ಒಳ್ಳೆಯ ಗಿಟಾರುಗಳ ಬೆನ್ನು ಮತ್ತು ಪಕ್ಕಗಳಿಗೆ ಪಶ್ಚಿಮ ಘಟ್ಟದ ಬೀಟೆ ಹೋಗತೊಡಗಿ ಅರ್ಧ ಶತಮಾನ ದಾಟಿದೆ. ಅಮೆರಿಕದ ಮಾರ್ಟಿನ್ ಕಂಪನಿ 1833ರಿಂದ ಗಿಟಾರು ಮಾಡುತ್ತಿದೆ. ಅವರು ಬಹುಕಾಲ ನೆಚ್ಚಿಕೊಂಡಿದ್ದ ಬ್ರೆಜಿಲ್ ದೇಶದ ಬೀಟೆ ಸಿಗುವುದು ಕಷ್ಟವಾದಾಗ, 1969ರಲ್ಲಿ ಭಾರತದ ಬೀಟೆಗೆ ಬದಲಾದರು. ಬ್ರೆಜಿಲ್ ಬೀಟೆಯನ್ನು 1992ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದಿಂದಲೇ ಹೊರಗಿಟ್ಟರು. ಆಮೇಲೆ ನಮ್ಮ ಮರದ ಮೇಲಿನ ಒತ್ತಡ ಇನ್ನೂ ಹೆಚ್ಚಿತು. ಇಂದು ನಮ್ಮ ಬೀಟೆಯೂ ಅಪಾಯಕ್ಕೆ ಈಡಾದ ಮರಗಳ ಪಟ್ಟಿಯಲ್ಲಿದೆ.

ಲೆಕ್ಕಕ್ಕೆ ಬರೋಣ. ಗಿಟಾರಿನ ಬೆನ್ನು ಸಾಮಾನ್ಯವಾಗಿ ಒಂದೇ ಹಲಗೆಯ ಎರಡು ಪದರಗಳನ್ನು ಪುಸ್ತಕ ಬಿಡಿಸಿದಂತೆ ಅಕ್ಕಪಕ್ಕ ಜೋಡಿಸಿದ್ದು. ಒಂದೊಂದೂ 55 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ ಬೇಕು. ಪಕ್ಕಗಳಿಗೆ 85 ಸೆಂ.ಮೀ. ಉದ್ದ, 12.5 ಸೆಂ.ಮೀ. ಅಗಲದ ಎರಡು ಪದರ. ಎಲ್ಲವನ್ನೂ 4 ಮಿ.ಮೀ. ದಪ್ಪಕ್ಕೆ ಕೊಯ್ದರೆ ಒಂದು ಗಿಟಾರಿಗೆ ಬೇಕಾದ ಬೀಟೆ 1.44 ಕೆ.ಜಿ. ಅದನ್ನು ಕೀಸಿ ಕೀಸಿ ಬೆನ್ನನ್ನು 2.5 ಮಿ.ಮೀ.ಗೂ ಪಕ್ಕವನ್ನು 2 ಮಿ.ಮೀ.ಗೂ ತಂದು, ಗಿಟಾರಿನ ಆಕಾರಕ್ಕೆ ಕತ್ತರಿಸಿದ ಮೇಲೆ ವಾದ್ಯದೊಳಗೆ ಉಳಿಯುವುದು ಸುಮಾರು 570 ಗ್ರಾಂ ಮಾತ್ರ.

ತೊಡಕಿರುವುದು ಆ 20 ಸೆಂ.ಮೀ. ಅಗಲದಲ್ಲಿ. ನಡುತಿರುಳನ್ನೂ ಹೊರಗಿನ ಬಿಳಿ ಮರವನ್ನೂ ಬಿಟ್ಟು, ಬರೀ ಚೇಗಿನಲ್ಲಿ ಅಷ್ಟು ಅಗಲದ ನೇರ ಎಳೆಯ ಹಲಗೆ ಬರಬೇಕಾದರೆ ದಿಮ್ಮಿಯ ಅಡ್ಡಳತೆ 60 ಸೆಂ.ಮೀ. ದಾಟಿರಬೇಕು. ಎಂದರೆ ಸುತ್ತಳತೆ ಆರಡಿಗೂ ಹೆಚ್ಚು. ಆ ಗಾತ್ರದ ಬೀಟೆ ಮರ ಎಲ್ಲಾದರೂ ನಿಂತಿದ್ದರೆ ಅದು ನಿಂತೇ ಇರಲಿ ಎನ್ನುವವನು ನಾನು. ಗಿಟಾರಿಗಾಗಿ ಅದನ್ನು ಕೆಡವುವ ಅಗತ್ಯವೂ ಇಲ್ಲ. 1965ರಲ್ಲಿ ಇದೇ ಮಾರ್ಟಿನ್ ಕಂಪನಿ ಡಿ-35 ಎಂಬ ಗಿಟಾರನ್ನು ಹೊರತಂದಿತು. ಅದರ ಬೆನ್ನು ಮೂರು ತುಂಡಿನದು. ಅಗಲವಾದ ಹಲಗೆ ಸಿಗದೆ ಕಿರಿದಾದ ತುಂಡುಗಳು ಉಳಿಯುತ್ತಿದ್ದವು, ಅವನ್ನು ಬಳಸಲು ಹುಡುಕಿದ ದಾರಿ ಅದು. ಬೆನ್ನಿನ ಅತಿ ಅಗಲದ ಭಾಗ 40 ಸೆಂ.ಮೀ.; ಮೂರು ಪಾಲು ಮಾಡಿದರೆ ಒಂದೊಂದಕ್ಕೆ 13.4 ಸೆಂ.ಮೀ. ಸಾಕು. ನಮ್ಮ ಮಂಚದ ಹಲಗೆ 15 ಸೆಂ.ಮೀ. ಅಗಲವಿದೆ!

ಈಗ ಕೊಯ್ಯೋಣ, ಕಾಗದದ ಮೇಲೆ. 40 ಮಿ.ಮೀ. ದಪ್ಪದ ಹಲಗೆಯನ್ನು 1 ಮಿ.ಮೀ. ತಿನ್ನುವ ತೆಳು ಬ್ಯಾಂಡ್ ಗರಗಸದಲ್ಲಿ ಸೀಳಿದರೆ 4 ಮಿ.ಮೀ.ನ 8 ಪದರ ಬರುತ್ತವೆ. ಒಂದನೇ ಹಲಗೆಯ ಉದ್ದದಲ್ಲಿ 55 ಸೆಂ.ಮೀ.ನ ಮೂರು ತುಂಡು. ಒಟ್ಟು 24 ತುಂಡು, 8 ಬೆನ್ನು. ಎರಡನೇ ಹಲಗೆಯ ಉದ್ದದಲ್ಲಿ 85 ಸೆಂ.ಮೀ.ನ ಎರಡು ತುಂಡು; ಒಟ್ಟು 16 ತುಂಡು, 8 ಜೊತೆ ಪಕ್ಕ. ಎರಡು ಹಲಗೆ, ಎಂಟು ಗಿಟಾರು.

ಮನೆಕಟ್ಟಡದ ನಾಟಾ ಸೀಳುವ ಸಾ ಮಿಲ್ಲಿನ ಗರಗಸ 3 ಮಿ.ಮೀ. ತಿಂದರೆ ಅದೇ ಹಲಗೆಯಲ್ಲಿ ಬರುವುದು 6 ಪದರ. ಗಿಟಾರೂ ಆರಕ್ಕೆ ಇಳಿಯುತ್ತದೆ. ಗರಗಸದ ಹಲ್ಲಿನ ದಪ್ಪ 2 ಮಿ.ಮೀ. ಹೆಚ್ಚಾದ ತಪ್ಪಿಗೆ ಎರಡು ವಾದ್ಯ ಹೊಟ್ಟಾಗಿ ನೆಲಕ್ಕೆ ಬೀಳುತ್ತವೆ. ನಾನಂತೂ ತೆಳು ಗರಗಸವನ್ನೇ ಹುಡುಕಿಕೊಂಡು ಹೋಗುತ್ತೇನೆ. ಆದರೂ ಹಳೆ ಮಂಚವೆಂದ ಮೇಲೆ ತುದಿಯಲ್ಲಿ ಕೂಡುಗಂಡಿ, ನಡುವೆ ಮೊಳೆತೂತು, ಒಳಗೆ ಕಾಣದ ಬಿರುಕು ಇದ್ದೇ ಇರುತ್ತವೆ. ಎಂಟರಲ್ಲಿ ಎರಡನ್ನು ಅವಕ್ಕೆ ಬಿಟ್ಟು ಆರು ಗಿಟಾರು ಎಂದು ಇಟ್ಟುಕೊಳ್ಳುತ್ತೇನೆ. 19 ಕೆ.ಜಿ. ಮರದಲ್ಲಿ ಆರು ವಾದ್ಯಗಳೊಳಗೆ ಉಳಿಯುವುದು 3.4 ಕೆ.ಜಿ.

ಇಷ್ಟು ಕಡಿಮೆಯೇ ಎನ್ನಿಸಬಹುದು. ಇಂಥ ಲೆಕ್ಕ ನಮ್ಮ ಸೀಮೆಗೆ ಹೊಸದೇನಲ್ಲ. ಸೊರಬ, ಸಾಗರಗಳ ಗುಡಿಗಾರರು ಶ್ರೀಗಂಧವನ್ನು ಕೊಳ್ಳುವುದು ತೂಕದಲ್ಲಿ. ಕೆತ್ತುವಾಗ ಉದುರಿದ ಚಕ್ಕೆಗೂ ಪುಡಿಗೂ ಬೆಲೆಯಿದೆ ಎಂದು ಅವರಿಗೆ ಗೊತ್ತು. ಆನೆಯ ಸೊಂಡಿಲಿಗೆ ಯಾವ ಎಳೆ ಬರಬೇಕೆಂದು ನೋಡಿ ಮರ ತಿರುಗಿಸುವ ಕೈಗಳು ಅವು. ಗಂಧವನ್ನು ಗ್ರಾಂ ಲೆಕ್ಕದಲ್ಲಿ ನೋಡುವ ತಾಲ್ಲೂಕಿನಲ್ಲೇ ಬೀಟೆಯನ್ನು ಘನ ಅಡಿ ಲೆಕ್ಕದಲ್ಲಿ ಬಿಟ್ಟುಕೊಡುತ್ತೇವೆ. ನನಗೆ ಸಂಕಟವಾಗುವುದು ಇಲ್ಲಿ.

ಖರ್ಚಿನ ಲೆಕ್ಕವನ್ನೂ ಮಾಡಿ ನೋಡೋಣ. ದರ ಊರಿಂದೂರಿಗೆ ಬೇರೆ, ಆದ್ದರಿಂದ ಲೆಕ್ಕಕ್ಕೆಂದು ಗುಂಡು ಸಂಖ್ಯೆ ಹಿಡಿಯುತ್ತೇನೆ. ಘನ ಅಡಿಗೆ ₹5,000 ಎಂದಿಟ್ಟುಕೊಂಡರೆ ಮಂಚದ ಹಲಗೆಗಳಿಗೆ ₹4,000, ಒಂದು ಗಿಟಾರಿಗೆ ₹667. ಕೈಯಿಂದ ಗಿಟಾರು ಕಟ್ಟಲು 120 ಗಂಟೆ ಹಿಡಿದರೆ ದಿನಕ್ಕೆ 8 ಗಂಟೆಯಂತೆ 15 ದಿನ. ದಿನಕ್ಕೆ ₹1,000 ಕೂಲಿ ಎಂದರೆ ₹15,000. ಬೀಟೆಯ ದರ ದುಪ್ಪಟ್ಟಾದರೂ ಗಿಟಾರಿನ ಖರ್ಚು ಏರುವುದು ₹667, ಒಂದು ದಿನದ ಕೂಲಿಗಿಂತ ಕಡಿಮೆ. ಕುತ್ತಿಗೆಯ ಕೂಡು ಒಮ್ಮೆ ತಪ್ಪಿ ಮತ್ತೆ ಮಾಡಬೇಕಾಗಿ ಬಂದರೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಹಾಗಾಗಿ ಅಗ್ಗದ ಮರ ಹುಡುಕಿ ಅಲೆಯುವುದಕ್ಕಿಂತ ಕೈ ಪಳಗಿಸುವುದರಲ್ಲೇ ಹಣ ಉಳಿಯುತ್ತದೆ.

ಕೂಡಿಸುವುದಕ್ಕಿಂತ ಮೊದಲು ನಮ್ಮೂರಿನ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾರ್ಚಿಯ ಒಣಗಾಳಿಯಲ್ಲಿ ಮರದೊಳಗಿನ ತೇವ ಶೇ. 8ಕ್ಕೆ ಇಳಿದು, ಜುಲೈಯಲ್ಲಿ ಶೇ. 14ಕ್ಕೆ ಏರಿತೆನ್ನಿ. ಮೇಲ್ಹಲಗೆಯ ಸ್ಪ್ರೂಸ್ ಮರ ಪ್ರತಿ ಒಂದು ಶೇಕಡಾ ತೇವಕ್ಕೆ ಅಗಲದಲ್ಲಿ ಸುಮಾರು ಶೇ. 0.14ರಷ್ಟು ಹಿಗ್ಗುತ್ತದೆ, ಬೀಟೆ ಶೇ. 0.09ರಷ್ಟು. 40 ಸೆಂ.ಮೀ. ಅಗಲದಲ್ಲಿ ಮೇಲ್ಹಲಗೆ 3.4 ಮಿ.ಮೀ., ಬೆನ್ನು 2.2 ಮಿ.ಮೀ. ಹಿಗ್ಗಲು ನೋಡುತ್ತವೆ. ಸುತ್ತಲೂ ಅಂಟಿಸಿರುವುದರಿಂದ ಹೊರಕ್ಕೆ ಹೋಗಲು ಜಾಗವಿಲ್ಲ, ಹೊಟ್ಟೆ ಉಬ್ಬುತ್ತದೆ. ನಮ್ಮ ಮನೆಯ ಗಿಟಾರಿನ ತಂತಿಗಳು ಮಳೆಗಾಲದಲ್ಲಿ ಮೆಟ್ಟಿಲುಗಳಿಂದ (ಫ್ರೆಟ್) ಮೇಲೆದ್ದು ಬೆರಳು ನೋಯಿಸುವುದು ಈ ಕಾರಣಕ್ಕೇ. ಮಳೆಗಾಲದಲ್ಲಿ ಅಂಟಿಸಿದ ವಾದ್ಯಕ್ಕೆ ಇದಕ್ಕಿಂತ ಕೆಟ್ಟದ್ದು ಕಾದಿರುತ್ತದೆ. ಬೇಸಿಗೆ ಬಂದಾಗ ಅದು ಕುಗ್ಗಲು ಹೋಗಿ ಸೀಳುತ್ತದೆ. ಆನವಟ್ಟಿಯಲ್ಲಿ ಅಂಟಿಸುವ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚಿವರೆಗಿನ ನಾಲ್ಕು ತಿಂಗಳೇ ಸರಿ. ಮಳೆಗಾಲದಲ್ಲಿ ಕೊಯ್ತ, ಕೀಸುವಿಕೆ, ಮೆಟ್ಟಿಲ ಕೆಲಸ ಇಟ್ಟುಕೊಳ್ಳಬಹುದು.

ಮೆಟ್ಟಿಲ ಲೆಕ್ಕ ಸರಳ, ಆದರೆ ಕ್ಷಮಿಸುವಂಥದ್ದಲ್ಲ. ಕುದುರೆಯಿಂದ (ಬ್ರಿಜ್) ತಲೆಯ ಗಟ್ಟಿಗೆ (ನಟ್) 648 ಮಿ.ಮೀ. ಇದ್ದರೆ ಅದನ್ನು 17.817ರಿಂದ ಭಾಗಿಸಿ, ಮೊದಲ ಮೆಟ್ಟಿಲು ಗಟ್ಟಿಯಿಂದ 36.4 ಮಿ.ಮೀ. ದೂರದಲ್ಲಿ. ಉಳಿದದ್ದನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತಾ ಹೋದರೆ ಹನ್ನೆರಡನೇ ಮೆಟ್ಟಿಲು ಸರಿಯಾಗಿ ಅರ್ಧಕ್ಕೆ, 324 ಮಿ.ಮೀ.ಗೆ ಬಂದು ನಿಲ್ಲುತ್ತದೆ. ನಿಲ್ಲದಿದ್ದರೆ ನಡುವೆ ಎಲ್ಲೋ ತಪ್ಪಿದೆ.

ಹೊಳಪಿಗೆ ಹೊಸ ಕಲಿಕೆ ಬೇಡ. ಹಳೆ ಬಡಗಿಗಳ ಫ್ರೆಂಚ್ ಪಾಲಿಶೇ ಉತ್ತಮ ಗಿಟಾರುಗಳ ಹೊಳಪೂ ಹೌದು. ಒಂದು ಲೀಟರ್ ಸ್ಪಿರಿಟ್ಟಿಗೆ 240 ಗ್ರಾಂ ಅರಗು, ಹತ್ತಿ ಸುತ್ತಿದ ಬಟ್ಟೆಯುಂಡೆ, ತಾಳ್ಮೆ. ದಪ್ಪ ಬಣ್ಣ ಬಳಿದರೆ ಮೇಲ್ಹಲಗೆಯ ನಡುಕ ಸತ್ತುಹೋಗುತ್ತದೆ. ಅರಗಿನ ಪದರ ತೆಳು, ಗೀರು ಬಿದ್ದರೆ ಅಲ್ಲಿಗಷ್ಟೇ ಮತ್ತೆ ಉಜ್ಜಬಹುದು. ಜುಲೈಯಲ್ಲಿ ಮಾತ್ರ ಹಚ್ಚಬೇಡಿ, ತೇವ ಹಿಡಿದು ಹಾಲಿನಂತೆ ಬೆಳ್ಳಗಾಗುತ್ತದೆ.

ತಂತಿ ಬಿಗಿದಾಗ ಈ ತೆಳು ಹಲಗೆಗಳು ಹೊರುವ ಭಾರ ನೋಡಿ. 0.305 ಮಿ.ಮೀ. ದಪ್ಪದ ಮೊದಲ ಉಕ್ಕಿನ ತಂತಿ ಸೆಕೆಂಡಿಗೆ 329.6 ಸಲ ನಡುಗಬೇಕಾದರೆ 10.7 ಕೆ.ಜಿ. ಎಳೆತ ಬೇಕು. ಆರೂ ತಂತಿ ಸೇರಿ ಸುಮಾರು 74 ಕೆ.ಜಿ., ಒಂದೂವರೆ ಮೂಟೆ ಅಕ್ಕಿ. ಅದನ್ನು 3 ಮಿ.ಮೀ.ಗಿಂತ ತೆಳುವಾದ ಮೇಲ್ಹಲಗೆಯೂ ಅದರಡಿಯ ಕಡ್ಡಿಪಟ್ಟಿಗಳೂ ವರ್ಷಗಟ್ಟಲೆ ತಡೆದು ನಿಲ್ಲುತ್ತವೆ.

ಗಿಟಾರು ಕಟ್ಟಬಹುದಾದರೆ ದೊಡ್ಡ ತಂತಿವಾದ್ಯ ಏಕಾಗದು ಎಂದು ಕೇಳಬಹುದು. ಡಬಲ್ ಬೇಸ್ ಇದಕ್ಕಿಂತ ಬೇರೆಯದೇ ಜಗತ್ತು. ಹಳೆ ಸಿನಿಮಾ ಹಾಡುಗಳ ಕೆಳಗೆ ಗುಮ್ಮೆನ್ನುವ ದನಿಯಾಗಿ ನಾವು ಅದನ್ನು ಕೇಳಿರುತ್ತೇವೆ. ನಿಲ್ಲಿಸಿದರೆ 180 ಸೆಂ.ಮೀ. ದಾಟುವ ವಾದ್ಯ, ನಡುಗುವ ತಂತಿಯ ಉದ್ದವೇ ಸುಮಾರು 105 ಸೆಂ.ಮೀ. ಅತಿ ಕೆಳಗಿನ ತಂತಿ ಸೆಕೆಂಡಿಗೆ 41.2 ಸಲ ನಡುಗುತ್ತದೆ. 30 ಕೆ.ಜಿ. ಎಳೆತದಲ್ಲಿ ಆ ದನಿ ಬರಬೇಕಾದರೆ ತಂತಿ ಮೀಟರಿಗೆ 40 ಗ್ರಾಂ ತೂಗಬೇಕು. ಬರೀ ಉಕ್ಕಿನಲ್ಲಿ ಮಾಡಿದರೆ ಅದು ಎರಡೂವರೆ ಮಿ.ಮೀ. ದಪ್ಪದ ಸರಳಾಗಿಬಿಡುತ್ತದೆ, ಬಾಗುವುದಿಲ್ಲ. ಅದಕ್ಕೇ ತೆಳು ತಿರುಳಿನ ಸುತ್ತ ಲೋಹದ ಎಳೆ ಸುತ್ತಿ ತೂಕ ಕೂಡಿಸುತ್ತಾರೆ. ನಾಲ್ಕು ತಂತಿಗಳ 120 ಕೆ.ಜಿ. ಎಳೆತ ಕುದುರೆಯ ಮೇಲೆ ಬಾಗಿ ಇಳಿಯುವಾಗ ಮೇಲ್ಹಲಗೆಯನ್ನು 60 ಕೆ.ಜಿ.ಗೂ ಹೆಚ್ಚು ಭಾರದಿಂದ ಒತ್ತುತ್ತದೆ. ಆಳೊಬ್ಬ ಸದಾ ಅದರ ಮೇಲೆ ನಿಂತಂತೆ.

ಮರದ ಲೆಕ್ಕವೂ ಎದೆ ಒಡೆಯುವಂಥದ್ದು. ಉಬ್ಬಿದ ಮೇಲ್ಹಲಗೆಯನ್ನು ಗಟ್ಟಿ ಮರದಿಂದಲೇ ಕಡೆದು ತೆಗೆಯಬೇಕು. ಸುಮಾರು 15 ಕೆ.ಜಿ. ಸ್ಪ್ರೂಸ್ ತಂದರೆ ಕೊನೆಗೆ ಉಳಿಯುವುದು 2 ಕೆ.ಜಿ. ಸ್ಪ್ರೂಸ್ ನಮ್ಮ ಕಾಡಿನದಲ್ಲ, ಬೆನ್ನಿಗೆ ಹಾಕುವ ಮೇಪಲ್ ಮರವೂ ಅಲ್ಲ. ಬೀಟೆಗೆ ಇದರಲ್ಲಿ ಹೆಚ್ಚು ಕೆಲಸವಿಲ್ಲ; ಫಿಂಗರ್‌ಬೋರ್ಡಿಗೂ ಎಬೊನಿಯನ್ನೇ ಬಯಸುತ್ತಾರೆ. 67 ಸೆಂ.ಮೀ. ಅಗಲದ ಹೊಟ್ಟೆ ನಮ್ಮ ಮಾರ್ಚಿಯಿಂದ ಜುಲೈಗೆ 5.6 ಮಿ.ಮೀ. ಹಿಗ್ಗುತ್ತದೆ. 400 ಗಂಟೆ ಹಿಡಿದರೆ 50 ದಿನದ ಕೂಲಿ. ಆನವಟ್ಟಿಯಲ್ಲಿ ಡಬಲ್ ಬೇಸ್ ಕಟ್ಟುವ ಮಾತನ್ನು ನಾನು ಆಡುವುದಿಲ್ಲ.

ಸಾಗಾಣಿಕೆಯ ಲೆಕ್ಕವೂ ಅದನ್ನೇ ಹೇಳುತ್ತದೆ. ಕೊರಿಯರಿನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ವಿಮಾನ ಸರಕಿಗೆ 6,000ದಿಂದ. ಬಂದ ಸಂಖ್ಯೆ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು. 115×45×20 ಸೆಂ.ಮೀ. ಪೆಟ್ಟಿಗೆಯ ಗಿಟಾರು ಏಳೆಂಟು ಕೆ.ಜಿ. ತೂಗಿದರೂ ಕೊಡಬೇಕಾದದ್ದು 20.7 ಕೆ.ಜಿ.ಗೆ. 200×80×65 ಸೆಂ.ಮೀ. ಪೆಟ್ಟಿಗೆಯ ಡಬಲ್ ಬೇಸಿಗೆ ವಿಮಾನದಲ್ಲಿ 173 ಕೆ.ಜಿ.; ವಾದ್ಯದ ನಿಜ ತೂಕ ಹತ್ತೋ ಹನ್ನೆರಡೋ ಕೆ.ಜಿ. ಅದೇ 173 ಕೆ.ಜಿ.ಯಲ್ಲಿ 120 ಗಿಟಾರುಗಳಿಗಾಗುವಷ್ಟು ಬೀಟೆ ಪದರ ವಿಮಾನ ಹತ್ತುತ್ತದೆ. ಮರ ಪದರವಾಗಿ ಹೊರದೇಶಕ್ಕೆ ಹೋಗಿ ಅಲ್ಲಿ ವಾದ್ಯವಾಗುವುದಕ್ಕೆ ಇರುವ ಕಾರಣಗಳಲ್ಲಿ ಇದೊಂದು.

ಕಾನೂನು ಈಗ ಇನ್ನೊಂದು ಬದಿಗೆ ವಾಲಿದೆ. ಬೀಟೆಯ ಇಡೀ ಕುಲವನ್ನು 2017ರ ಜನವರಿ 2ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ತಂದರು. ಪೆಟ್ಟು ಬಿದ್ದದ್ದು ವಾದ್ಯಕ್ಕೆ ಮಾತ್ರವಲ್ಲ. ಅದೇ ಕುಲದ ಶೀಶಮ್ ಮರದ ಪೀಠೋಪಕರಣ, ಕರಕುಶಲ ವಸ್ತುಗಳ ರಫ್ತು ವರ್ಷಕ್ಕೆ ಸುಮಾರು ₹1,000 ಕೋಟಿಯಿಂದ ₹500–600 ಕೋಟಿಗೆ ಇಳಿಯಿತೆಂದು ಕೇಂದ್ರ ಸರ್ಕಾರವೇ 2022ರಲ್ಲಿ ಹೇಳಿತು. ಅಷ್ಟರಲ್ಲಿ, 2019ರ ನವೆಂಬರ್ 26ರಿಂದ ಪೂರ್ಣಗೊಂಡ ಸಂಗೀತ ವಾದ್ಯಗಳಿಗೂ ಪೂರ್ಣಗೊಂಡ ವಾದ್ಯಭಾಗಗಳಿಗೂ ವಿನಾಯಿತಿ ಸಿಕ್ಕಿತ್ತು. ಕೊಯ್ದ ಹಲಗೆಗೆ ಅದು ಇಲ್ಲ. ಗಿಟಾರಾಗಿ ಹೊರಟ ಬೀಟೆಗೆ ಗಡಿಯಲ್ಲಿ ತೊಡಕು ಕಡಿಮೆ, ಹಲಗೆಯಾಗಿ ಹೊರಟದ್ದಕ್ಕೆ ಹೆಚ್ಚು. ಊರೊಳಗಿನ ನಿಯಮ ಬೇರೆ: ಹಳೆ ಮನೆಯ ನಾಟಾವಾದರೂ ಎಲ್ಲಿಂದ ಬಂತು ಎಂಬುದಕ್ಕೆ ಕಾಗದ ಇಟ್ಟುಕೊಂಡು, ಸಾಗಿಸುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

ನಮ್ಮ ಮಂಚವನ್ನು ನಾನು ಕೊಯ್ಯುವುದಿಲ್ಲ, ಅದರ ಮೇಲೆ ಇನ್ನೂ ಅಮ್ಮ ಮಲಗುತ್ತಾರೆ. ಆದರೆ ಮಂಕಾದ ಹಳೆ ಮನೆಗಳನ್ನು ಕಿತ್ತು ಹೊಸದು ಕಟ್ಟುವ ಕೆಲಸ ಸೊರಬ, ಶಿಕಾರಿಪುರ ಸೀಮೆಯಲ್ಲಿ ನಿಂತಿಲ್ಲ. ಕಿತ್ತವರು ಬಾಗಿಲುವಾಡ, ಮಂಚ, ತೊಲೆಗಳಲ್ಲಿ ಬೀಟೆ ಕಂಡರೆ ಎತ್ತಿಡಲು ಸುಲಭವೆಂದು ಎರಡೆರಡು ಅಡಿಗೆ ತುಂಡು ಹಾಕಿಸಬೇಡಿ. ಎರಡಡಿ ಎಂದರೆ 61 ಸೆಂ.ಮೀ. ಬೆನ್ನಿಗೆ ಸಾಕು, ಪಕ್ಕಕ್ಕೆ ಸಾಲದು.