ಅರೆತಲೆನೋವು

ತಲೆಯ ಒಂದೇ ಪಾರ್ಶ್ವದಲ್ಲಿ ಕಾಣಿಸಿಕೊಳ್ಳುವ ನೋವನ್ನು ಕನ್ನಡದಲ್ಲಿ ಅರೆತಲೆನೋವು ಎನ್ನುತ್ತಾರೆ. ಸುಶ್ರುತಸಂಹಿತೆಯು ಹೇಳುವ ಹನ್ನೊಂದು ಶಿರೋರೋಗಗಳಲ್ಲಿ ಒಂದಾದ ಅರ್ಧಾವಭೇದಕಕ್ಕೂ ಇದೇ ಅರ್ಥವಿದೆ. ‘ಮೈಗ್ರೇನ್’ ಎಂಬ ಪದವೂ ‘ಅರ್ಧ ತಲೆಬುರುಡೆ’ ಎಂಬರ್ಥದ ಗ್ರೀಕ್ ಪದದಿಂದ ಬಂದಿದೆ. ಆದರೆ ಅರೆತಲೆನೋವೆಲ್ಲವೂ ಮೈಗ್ರೇನ್ ಅಲ್ಲ; ಮೈಗ್ರೇನ್ ಕೆಲವರಲ್ಲಿ ಎರಡೂ ಪಾರ್ಶ್ವಗಳಿಗೆ ಬರುತ್ತದೆ.

ಸಾಮಾನ್ಯ ಕಾರಣಗಳು

ಮೈಗ್ರೇನ್ ಅತ್ಯಂತ ಸಾಮಾನ್ಯ ಕಾರಣ. ಮಿಡಿಯುವ ನೋವು 4ರಿಂದ 72 ಗಂಟೆ ಇರುತ್ತದೆ. ವಾಕರಿಕೆಯಾಗುತ್ತದೆ, ಬೆಳಕು ಮತ್ತು ಸದ್ದು ಸಹಿಸಲಾಗುವುದಿಲ್ಲ. ವಾಂತಿಯಾದ ಮೇಲೆ ಕೆಲವರಿಗೆ ನೋವು ಇಳಿಯುವುದರಿಂದ ಇದನ್ನು ‘ಪಿತ್ತದ ತಲೆನೋವು’ ಎಂದು ಭಾವಿಸುವುದುಂಟು. ವಾಸ್ತವದಲ್ಲಿ ಇದು ಮೆದುಳು ಮತ್ತು ಮುಖದ ಟ್ರೈಜೆಮಿನಲ್ ನರಕ್ಕೆ ಸಂಬಂಧಿಸಿದ ತೊಂದರೆ. ಬೆಂಗಳೂರು ನಗರ ಹಾಗೂ ಗ್ರಾಮೀಣ ಪ್ರದೇಶಗಳ 2,329 ವಯಸ್ಕರ ಸಮೀಕ್ಷೆಯೊಂದರಲ್ಲಿ (2015ರಲ್ಲಿ ಪ್ರಕಟಿತ) ಒಂದು ವರ್ಷದ ಅವಧಿಯಲ್ಲಿ ಶೇ. 25.2ರಷ್ಟು ಮಂದಿಗೆ ಮೈಗ್ರೇನ್ ಇದ್ದುದು ಕಂಡುಬಂದಿತು. ನಿದ್ರೆಗೇಡು, ಉಪವಾಸ, ಬಿಸಿಲು, ಮುಟ್ಟು ಇದನ್ನು ಕೆರಳಿಸುತ್ತವೆ. ತಲೆಸ್ನಾನದಿಂದ ಬರುವ ಮೈಗ್ರೇನನ್ನು ಭಾರತೀಯ ವೈದ್ಯರು ವಿಶೇಷವಾಗಿ ವರದಿ ಮಾಡಿದ್ದಾರೆ.

ಒಂದು ಕಣ್ಣಿನ ಸುತ್ತ ತೀವ್ರವಾಗಿ ಬಂದು 15ರಿಂದ 180 ನಿಮಿಷ ಇರುವುದು ಕ್ಲಸ್ಟರ್ ತಲೆನೋವು. ಅದೇ ಬದಿಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ. ರೋಗಿ ಮಲಗಲಾರದೆ ಚಡಪಡಿಸುತ್ತಾನೆ. ಮೈಗ್ರೇನ್ ರೋಗಿಯಾದರೋ ಕತ್ತಲೆ ಕೋಣೆ ಹುಡುಕುತ್ತಾನೆ. ಕತ್ತಿನ ಕೀಲುಗಳ ತೊಂದರೆ, ಹಲ್ಲುನೋವು, ಸೈನಸ್ ಸೋಂಕುಗಳೂ ಒಂದು ಬದಿಗೆ ನೋವು ತರಬಲ್ಲವು.

ಕಾಫಿ ಮತ್ತು ಮಾತ್ರೆ

ಗೋಣಿಬೀಡು, ಮೂಡಿಗೆರೆಯಂತಹ ಕಾಫಿ ಸೀಮೆಯ ಓದುಗರಿಗೂ ತಿಳಿದಿರಬೇಕಾದ ಸಂಗತಿಯೆಂದರೆ, ದಿನವೂ ಹೆಚ್ಚು ಕಾಫಿ ಕುಡಿಯುವವರು ಒಮ್ಮೆಲೇ ಬಿಟ್ಟರೆ 24 ಗಂಟೆಯೊಳಗೆ ತಲೆನೋವು ಬರಬಹುದು. ಇದು ಸಾಮಾನ್ಯವಾಗಿ ಎರಡೂ ಬದಿಗೆ ಇರುತ್ತದೆ. ಇದಕ್ಕಿಂತ ಹೆಚ್ಚು ಹಾನಿ ಮಾತ್ರೆಗಳಿಂದ. ಸಾಧಾರಣ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗುತ್ತದೆ.

ಅಪಾಯದ ಲಕ್ಷಣಗಳು

50 ವರ್ಷ ದಾಟಿದವರಲ್ಲಿ ಹೊಸದಾಗಿ ಕಪಾಲದ ಬದಿಯ ನೋವು ಆರಂಭವಾಗಿ, ಬಾಚಣಿಗೆ ತಾಗಿದರೆ ನೋಯುವುದು ಮತ್ತು ಅಗಿಯುವಾಗ ದವಡೆ ಸೋಲುವುದು ಕಂಡರೆ ಅದು ಕಪಾಲದ ರಕ್ತನಾಳದ ಉರಿಯೂತವಾಗಿರಬಹುದು. ಚಿಕಿತ್ಸೆ ತಡವಾದರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಕಣ್ಣು ಕೆಂಪಾಗಿ ದೀಪದ ಸುತ್ತ ಬಣ್ಣದ ಬಳೆ ಕಂಡು ವಾಂತಿಯಾಗುವುದು ತೀವ್ರ ಗ್ಲಾಕೋಮಾದ ಲಕ್ಷಣ. ಸಿಡಿಲೆರಗಿದಂತೆ ಹಠಾತ್ತನೆ ಬರುವ ನೋವು, ಜ್ವರದೊಡನೆ ಕತ್ತು ಸೆಟೆಯುವುದು, ಕೈಕಾಲು ಸೋಲುವುದು, ಮಾತು ತೊದಲುವುದು ಇದ್ದರೂ ಆ ದಿನವೇ, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ ಮರುಕಳಿಸುವ ತಲೆನೋವಿಗೆ, 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮದಡಿಯಲ್ಲಿಯೂ ಚಿಕಿತ್ಸೆಯಿದೆ.